ಆಪ್ತ ಸಮಾಲೋಚಕರ ನೋಂದಣಿ ಅವಧಿ ಮುಗಿದಿದ್ದರೆ ನವೀಕರಣ ಹೇಗೆ?

ವಿಕಲಚೇತನರ ಪುನರ್ವಸತಿ ಕ್ಷೇತ್ರದಲ್ಲಿ ದುಡಿಯುವ ಆಪ್ತ ಸಮಾಲೋಚಕರು, ಕ್ಲಿನಿಕಲ್ ಸೈಕಾಲಜಿಸ್ಟರು, ವಿಶೇಷ ಶಿಕ್ಷಕರು, ವಾಕ್ ಮತ್ತು ಶ್ರವಣ ತಜ್ಞರು ನವದೆಹಲಿಯ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರಬೇಕು. ಆರ್‌ಸಿಐ ಎಂದೇ ಪರಿಚಿತವಾದ ಈ ಪರಿಷತ್ತು 1992ರ ಕಾಯ್ದೆಯಂತೆ 1993ರಲ್ಲಿ ಶಾಸನಬದ್ಧ ಸಂಸ್ಥೆಯಾಯಿತು. ಕೋರ್ಸ್ ಮುಗಿದ ಕೂಡಲೇ ನೋಂದಣಿ ಮಾಡಿಸಿಕೊಂಡು, ಮದುವೆ, ಹೆರಿಗೆ, ಊರು ಬದಲಾವಣೆ ಮುಂತಾದ ಕಾರಣಗಳಿಂದ ನವೀಕರಣ ಮರೆತವರು ಗಡಿಭಾಗದಲ್ಲಿ ಹಲವರಿದ್ದಾರೆ. ಅಂಥವರಿಗಾಗಿ ಈ ಮಾಹಿತಿ.

ನೋಂದಣಿ ಏಕೆ ಮುಖ್ಯ?

ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ಮಾನ್ಯತೆ ಪಡೆದ ಅರ್ಹತೆಯ ಜೊತೆಗೆ ರಿಜಿಸ್ಟರಿನಲ್ಲಿ ಹೆಸರೂ ಇರುವವರು ಮಾತ್ರ ಸರಕಾರಿ ಅಥವಾ ಸ್ಥಳೀಯ ಸಂಸ್ಥೆಗಳಲ್ಲಿ ಪುನರ್ವಸತಿ ವೃತ್ತಿಪರರ ಹುದ್ದೆ ಹೊಂದಬಹುದು. ವೃತ್ತಿ ನಡೆಸಲು, ಪ್ರಮಾಣಪತ್ರಗಳಿಗೆ ಸಹಿ ಹಾಕಲು, ನ್ಯಾಯಾಲಯದಲ್ಲಿ ತಜ್ಞ ಸಾಕ್ಷಿ ಹೇಳಲು ಕೂಡ ಇದೇ ನಿಯಮ. ಉಲ್ಲಂಘಿಸಿದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಆದ್ದರಿಂದ ಅವಧಿ ಮುಗಿದ ಪ್ರಮಾಣಪತ್ರವನ್ನು ನಂಬಿ ಕೆಲಸ ಮುಂದುವರಿಸುವುದು ಕ್ಷೇಮವಲ್ಲ.

ಗಡಿನಾಡಿನಲ್ಲಿ ಇದು ಒಬ್ಬರ ನೌಕರಿಯ ಪ್ರಶ್ನೆ ಮಾತ್ರವಲ್ಲ. ಕಾಸರಗೋಡಿನ ಎಂಡೋಸಲ್ಫಾನ್ ಬಾಧಿತ ಪಂಚಾಯಿತಿಗಳ ಬಡ್ಸ್ ಶಾಲೆಗಳಿಗೆ ಕನ್ನಡ, ತುಳು ಮನೆಮಾತಿನ ಮಕ್ಕಳೂ ಬರುತ್ತಾರೆ. ಮಾತು ಕಲಿಯಲು ಮೊದಲೇ ಕಷ್ಟವಿರುವ ಮಗುವಿಗೆ ಮನೆಮಾತಿನಲ್ಲಿ ಹೇಳಿಕೊಡುವ ವೃತ್ತಿಪರರು ಸಿಗುವುದು ಸುಲಭವಲ್ಲ. ನವೀಕರಣವಿಲ್ಲದೆ ಅಂಥವರು ಹುದ್ದೆ ಕಳೆದುಕೊಂಡರೆ ನಷ್ಟ ಆ ಮಗುವಿಗೂ ಹೌದು.

ಬೇಕಾದ ಅಂಕಗಳು

ನವೀಕರಣಕ್ಕೆ ಐದು ವರ್ಷಗಳಲ್ಲಿ 100 ಸಿಆರ್‌ಇ ಅಂಕ ಗಳಿಸಿರಬೇಕು. ಸಿಆರ್‌ಇ ಎಂದರೆ ವೃತ್ತಿಯಲ್ಲಿರುವವರಿಗೆ ನಡೆಸುವ ಮುಂದುವರಿದ ಪುನರ್ವಸತಿ ಶಿಕ್ಷಣ. ವರ್ಷಕ್ಕೆ ಸರಾಸರಿ 20 ಅಂಕದಂತೆ ಕೂಡಿಸುತ್ತಾ ಹೋದರೆ ಕೊನೆಯಲ್ಲಿ ಪರದಾಟವಿರುವುದಿಲ್ಲ. ಪರಿಷತ್ತು ಮೊದಲೇ ಒಪ್ಪಿಗೆ ಕೊಟ್ಟ ಕಾರ್ಯಕ್ರಮಗಳ ಅಂಕ ಮಾತ್ರ ಲೆಕ್ಕಕ್ಕೆ ಬರುತ್ತದೆ. ಹಣ ಕಟ್ಟುವ ಮುನ್ನ ಒಪ್ಪಿಗೆ ಇದೆಯೇ ಎಂದು ವಿಚಾರಿಸಬೇಕು.

ಇಂಥ ಕಾರ್ಯಕ್ರಮಗಳಿಗೆ ಗಡಿಭಾಗದವರು ವಿಚಾರಿಸಬಹುದಾದ ಸಂಸ್ಥೆಗಳು ಹೀಗಿವೆ:

* ತಾಳವಾಡಿ, ನೀಲಗಿರಿ, ವಯನಾಡಿನವರಿಗೆ: ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ
* ಕಾಸರಗೋಡಿನವರಿಗೆ: ಕೋಝಿಕ್ಕೋಡಿನ ಸಂಯುಕ್ತ ಪ್ರಾದೇಶಿಕ ಕೇಂದ್ರ
* ಹೊಸೂರಿನವರಿಗೆ: ಬೆಂಗಳೂರಿನ ನಿಮ್ಹಾನ್ಸ್
* ಆದೋನಿ, ರಾಯದುರ್ಗ, ಪಶ್ಚಿಮ ತೆಲಂಗಾಣದವರಿಗೆ: ಸಿಕಂದರಾಬಾದಿನ ಬೌದ್ಧಿಕ ವಿಕಲಚೇತನರ ರಾಷ್ಟ್ರೀಯ ಸಂಸ್ಥೆ
* ಸೊಲ್ಲಾಪುರ, ಅಕ್ಕಲಕೋಟೆ, ಜತ್ತದವರಿಗೆ: ಮುಂಬಯಿಯ ಅಲಿ ಯಾವರ್ ಜಂಗ್ ಸಂಸ್ಥೆ

ಅರ್ಜಿ ಸಲ್ಲಿಸುವ ಕ್ರಮ

1. ಹಳೆಯ ಪ್ರಮಾಣಪತ್ರದಲ್ಲಿರುವ ನೋಂದಣಿ ಸಂಖ್ಯೆ ಮತ್ತು ಅವಧಿ ಮುಗಿದ ದಿನಾಂಕವನ್ನು ಬರೆದಿಟ್ಟುಕೊಳ್ಳಬೇಕು.
2. ಭಾಗವಹಿಸಿದ ಕಾರ್ಯಕ್ರಮಗಳ ಪ್ರಮಾಣಪತ್ರಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಅಂಕಗಳನ್ನು ಕೂಡಿಸಬೇಕು. ಕಡಿಮೆ ಬಿದ್ದರೆ ಮೊದಲು ಅವನ್ನು ಪೂರೈಸಿಕೊಳ್ಳುವುದು ಒಳ್ಳೆಯದು.
3. ಪರಿಷತ್ತಿನ ಜಾಲತಾಣದಲ್ಲಿ ಹೊಸ ನೋಂದಣಿಯ ಬದಲು ನವೀಕರಣದ ವಿಭಾಗವನ್ನೇ ಆರಿಸಬೇಕು.
4. ಮೊಬೈಲ್ ಸಂಖ್ಯೆ, ಇ-ಮೇಲ್, ವಿಳಾಸ ಬದಲಾಗಿದ್ದರೆ ಸರಿಪಡಿಸಬೇಕು.
5. ಶುಲ್ಕದ ದರ ಬದಲಾಗುತ್ತಿರುವುದರಿಂದ ಅರ್ಜಿ ಹಾಕುವ ದಿನವೇ ನೋಡಿ ಪಾವತಿಸಿ, ರಸೀದಿ ಉಳಿಸಿಕೊಳ್ಳಬೇಕು.

ಹೆಸರಿನ ತೊಡಕು

ಗಡಿಭಾಗದವರ ಅರ್ಜಿಗಳಲ್ಲಿ ಹೆಸರಿನ ವ್ಯತ್ಯಾಸ ತೊಡಕಾಗಬಹುದು. ತಮಿಳುನಾಡಿನ ಶಾಲಾ ದಾಖಲೆಯಲ್ಲಿ ಇನಿಶಿಯಲ್ ಮುಂದಿದ್ದರೆ, ಮಹಾರಾಷ್ಟ್ರದಲ್ಲಿ ಹೆಸರಿನ ಜೊತೆ ತಂದೆಯ ಹೆಸರು, ಅಡ್ಡಹೆಸರು ಸೇರುತ್ತವೆ. ಆಂಧ್ರದಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಒಂದು ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ, ಇನ್ನೊಂದರಲ್ಲಿ ಪದವಿ ಪಡೆದವರ ಹೆಸರು ಎರಡು ರೀತಿ ಇರಬಹುದು. ಆಧಾರ್, ಅಂಕಪಟ್ಟಿ, ಹಳೆಯ ನೋಂದಣಿ ಪತ್ರ ಮೂರನ್ನೂ ಹೋಲಿಸಿ ನೋಡಿ, ವ್ಯತ್ಯಾಸವಿದ್ದರೆ ನೋಟರಿ ಅಫಿಡವಿಟ್ ಅಥವಾ ಗೆಜೆಟ್ ಪ್ರಕಟಣೆಯಂಥ ದಾಖಲೆ ಸಿದ್ಧವಿಟ್ಟುಕೊಳ್ಳಬೇಕು.

ಗಡಿ ದಾಟಿ ಕೆಲಸ ಮಾಡುವವರಿಗೆ

ಆರ್‌ಸಿಐ ನೋಂದಣಿ ಇಡೀ ದೇಶಕ್ಕೆ ಅನ್ವಯಿಸುತ್ತದೆ. ಮಂಗಳೂರಿನಲ್ಲಿ ಓದಿ ಮಂಜೇಶ್ವರದಲ್ಲಿ ಕೆಲಸ ಮಾಡುವವರಿಗೆ ಪ್ರತ್ಯೇಕ ಆರ್‌ಸಿಐ ನೋಂದಣಿ ಬೇಡ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ಕ್ಲಿನಿಕಲ್ ಸೈಕಾಲಜಿಸ್ಟರು, ಮಾನಸಿಕ ಆರೋಗ್ಯ ದಾದಿಯರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ನೋಂದಾಯಿಸುವುದು ಆಯಾ ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರ. ಕೆಲಸ ಯಾವ ರಾಜ್ಯದಲ್ಲೋ ಆ ರಾಜ್ಯದ ಪ್ರಾಧಿಕಾರದಲ್ಲಿ ವಿಚಾರಿಸಬೇಕು.

ಎಚ್ಐವಿ, ಕುಟುಂಬ ಯೋಜನೆ ಸಮಾಲೋಚಕರಂಥವರು 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ಆಯೋಗ ಕಾಯ್ದೆಯ ಪಟ್ಟಿಗೆ ಸೇರುತ್ತಾರೆ. ಅವರ ನೋಂದಣಿಗೆ ಆ ಕಾಯ್ದೆಯಡಿಯ ರಾಜ್ಯ ಪರಿಷತ್ತುಗಳಿವೆ. ಅರ್ಜಿ ತುಂಬುವ ಮುನ್ನ ತಮ್ಮ ಕೋರ್ಸ್ ಯಾವ ಕಾಯ್ದೆಗೆ ಸೇರಿದ್ದೆಂದು ಖಚಿತಪಡಿಸಿಕೊಂಡರೆ ಹಣ, ಸಮಯ ಎರಡೂ ಉಳಿಯುತ್ತವೆ.