ಒಂದೇ ಒಂದು ಹಕ್ಕಿಯ ಚರಿತ್ರೆ

ಇತಿಹಾಸವೆಂದರೆ ಅರಸರ ವಂಶಾವಳಿ, ಯುದ್ಧಗಳ ತಾರೀಖು ಎಂದು ಭಾವಿಸುವವರೇ ಹೆಚ್ಚು. ಆದರೆ ಒಂದು ಹಕ್ಕಿಗೂ ಇತಿಹಾಸವುಂಟು. ಅದರಲ್ಲಿಯೂ ಸಾಹಸ, ಆಸೆ, ನಿರಾಸೆಗಳುಂಟು. ದಕ್ಷಿಣ ಅಮೆರಿಕದ ಪೆರು ದೇಶದ ಒಂದು ಹಮ್ಮಿಂಗ್‌ಬರ್ಡ್ ಇದಕ್ಕೆ ನಿದರ್ಶನ.

ನಮ್ಮ ಹಿತ್ತಲ ದಾಸವಾಳಕ್ಕೆ ಬರುವ ಸೂರಕ್ಕಿಯನ್ನೇ ಹಮ್ಮಿಂಗ್‌ಬರ್ಡ್ ಎಂದು ತಿಳಿಯುವವರಿದ್ದಾರೆ. ಅವೆರಡೂ ಬೇರೆ ಬೇರೆ ಕುಲದವು. ಹಮ್ಮಿಂಗ್‌ಬರ್ಡುಗಳು ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲಿಯೂ ಇಲ್ಲ. ನಾನು ಹೇಳಹೊರಟಿರುವ ಹಕ್ಕಿಯ ಹೆಸರು ಮಾರ್ವೆಲಸ್ ಸ್ಪ್ಯಾಚುಲಟೇಲ್. ಇದು ಉತ್ತರ ಪೆರುವಿನ ಆಂಡೀಸ್ ಪರ್ವತಗಳಲ್ಲಿ, ಉಟ್ಕುಬಾಂಬಾ ನದಿಯ ಕಣಿವೆಯ ಆಸುಪಾಸಿನಲ್ಲಿ, ಸುಮಾರು 2,000 ಮೀಟರಿಗೂ ಮೇಲಿನ ಕಾಡಂಚುಗಳಲ್ಲಿ ವಾಸಿಸುತ್ತದೆ. ಇದರ ಬಾಲದಲ್ಲಿ ಇರುವುದು ನಾಲ್ಕೇ ಗರಿಗಳು. ಗಂಡಿನಲ್ಲಿ ಹೊರಗಿನ ಎರಡು ಗರಿಗಳು ತಂತಿಯಂತೆ ನೀಳವಾಗಿ ಬೆಳೆದು, ಒಂದನ್ನೊಂದು ಅಡ್ಡ ಹಾಯ್ದು, ತುದಿಯಲ್ಲಿ ನೀಲಿ ಬಿಲ್ಲೆಗಳಾಗಿ ಅಗಲಿಸುತ್ತವೆ. ಮಲೆನಾಡಿನ ಭೀಮರಾಜ ಪಕ್ಷಿಯನ್ನು ಕಂಡವರು ಆ ಬಾಲವನ್ನು ಸ್ವಲ್ಪಮಟ್ಟಿಗೆ ಊಹಿಸಿಕೊಳ್ಳಬಹುದು.

1835ರಲ್ಲಿ ಆಂಡ್ರ್ಯೂ ಮ್ಯಾಥ್ಯೂಸ್ ಎಂಬ ಸಂಗ್ರಾಹಕನಿಗೆ ಈ ಹಕ್ಕಿ ದೊರೆಯಿತು. ಲಂಡನ್ನಿನ ಹ್ಯಾಕ್ನಿಯಲ್ಲಿ ಹೆಸರಾಂತ ಸಸ್ಯೋದ್ಯಾನವನ್ನು ನಡೆಸುತ್ತಿದ್ದ ಜಾರ್ಜ್ ಲಾಡಿಜಸ್‌ಗಾಗಿ ಆತ ದುಡಿಯುತ್ತಿದ್ದನು. ಲಾಡಿಜಸ್‌ನಿಗೆ ಹಮ್ಮಿಂಗ್‌ಬರ್ಡುಗಳನ್ನು ಕೂಡಿಡುವ ಹುಚ್ಚು. ಮ್ಯಾಥ್ಯೂಸ್ ಮರಳಿ ಸ್ವದೇಶವನ್ನು ಕಾಣಲಿಲ್ಲ. 1841ರಲ್ಲಿ ಪೆರುವಿನ ಚಾಚಪೋಯಾಸ್‌ನಲ್ಲಿಯೇ ತೀರಿಕೊಂಡನು. 1846ರಲ್ಲಿ ಲಾಡಿಜಸ್‌ನೂ ಕಾಲವಾದನು. ಮರುವರ್ಷ ಫ್ರೆಂಚ್ ವಿದ್ವಾಂಸ ಬೂರ್ಸಿಯೆ ಈ ಪ್ರಭೇದವನ್ನು ಶಾಸ್ತ್ರೋಕ್ತವಾಗಿ ವರ್ಣಿಸಿದನು. ಇಂದು ಅದರ ವೈಜ್ಞಾನಿಕ ನಾಮ ಲಾಡಿಜೀಸಿಯ ಮಿರಾಬಿಲಿಸ್. ಮಿರಾಬಿಲಿಸ್ ಎಂದರೆ ಅದ್ಭುತವಾದದ್ದು. ಹೆಸರಿನಲ್ಲಿ ಉಳಿದವನು ಹಕ್ಕಿಯನ್ನು ಕೂಡಿಟ್ಟವನು. ಬೆಟ್ಟ ಹತ್ತಿ ತಂದವನಲ್ಲ.

ಅನಂತರ ದಶಕಗಳವರೆಗೆ ಲೋಕಕ್ಕೆ ತಿಳಿದಿದ್ದುದು ಆ ಒಂದೇ ಮಾದರಿ. ಆ ಕಾಲದ ಪ್ರಸಿದ್ಧ ಪಕ್ಷಿತಜ್ಞ ಜಾನ್ ಗೂಲ್ಡ್ 1851ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ತನ್ನ ಹಮ್ಮಿಂಗ್‌ಬರ್ಡುಗಳ ಪ್ರದರ್ಶನವನ್ನು ಏರ್ಪಡಿಸಿದಾಗ ಸುಮಾರು 75,000 ಜನ ನೋಡಿದರು. ವಿಸ್ಮಯವೆಂದರೆ, ಅಲ್ಲಿದ್ದವೆಲ್ಲ ಸತ್ತು ತುಂಬಿಸಿಟ್ಟ ಹಕ್ಕಿಗಳು. ಗೂಲ್ಡ್ ಸ್ವತಃ ಜೀವಂತ ಹಮ್ಮಿಂಗ್‌ಬರ್ಡನ್ನು ಮೊದಲು ಕಂಡದ್ದು 1857ರಲ್ಲಿ, ಫಿಲಡೆಲ್ಫಿಯದಲ್ಲಿ! ಅದೇ ಶತಮಾನದಲ್ಲಿ ಯುರೋಪಿನ ಸ್ತ್ರೀಯರ ಟೋಪಿಗಳ ಅಲಂಕಾರಕ್ಕಾಗಿ ಇಂತಹ ಹಕ್ಕಿಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಬಲಿಯಾದವು. ಸೌಂದರ್ಯವನ್ನು ಮೆಚ್ಚುವುದಕ್ಕೂ ಅದನ್ನು ಕೊಲ್ಲುವುದಕ್ಕೂ ನಡುವಿನ ಗೆರೆ ಆಗ ಎಷ್ಟು ತೆಳುವಾಗಿತ್ತು!

1880ರ ಸುಮಾರಿಗೆ ಪೋಲೆಂಡಿನ ಯಾನ್ ಷ್ಟೋಲ್ಟ್ಸ್‌ಮನ್ ಪೆರುವಿನಲ್ಲಿ ಈ ಹಕ್ಕಿಯನ್ನು ಮತ್ತೆ ಪತ್ತೆಹಚ್ಚಿದನು. 1881ರಲ್ಲಿ ಗೂಲ್ಡ್ ನಿಧನ ಹೊಂದಿದನು. ಹೆಣ್ಣಿನ ಮುಂದೆ ಗಂಡು ಗಾಳಿಯಲ್ಲಿ ನಿಂತು ನೀಲಿ ಬಿಲ್ಲೆಗಳನ್ನು ಬೀಸುವ ನೃತ್ಯವನ್ನು 2009ರಲ್ಲಿ ಬಿಬಿಸಿಯ 'ಲೈಫ್' ಸರಣಿಯಲ್ಲಿ ಜಗತ್ತೆಲ್ಲ ಕುಳಿತಲ್ಲಿಯೇ ನೋಡಿತು.

ಈಗ ಈ ಹಕ್ಕಿಗೆ ಒದಗಿರುವ ಆಪತ್ತು ಬೇರೆ ಬಗೆಯದು. ಬೇಸಾಯಕ್ಕಾಗಿ, ದನಗಳ ಹುಲ್ಲುಗಾವಲಿಗಾಗಿ ಕಾಡು ಕರಗುತ್ತಿದೆ. ಕಡುಬಡವನಾದ ರೈತನನ್ನು ಅದಕ್ಕಾಗಿ ದೂಷಿಸಿ ಫಲವಿಲ್ಲ. 2006ರಲ್ಲಿ ಪೊಮಕೋಚಾಸ್ ಎಂಬ ಊರಿನ ಸಮುದಾಯವು ಪಕ್ಷಿಸಂರಕ್ಷಣಾ ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಂಡು, ತನ್ನ ನೆಲದ ಒಂದು ಭಾಗವನ್ನು ಈ ಹಕ್ಕಿಗಾಗಿ ಮೀಸಲಿಟ್ಟಿತು. ಅಲ್ಲಿ ನಾಡಮರಗಳ ಸಸಿಗಳನ್ನು ನೆಡಲಾಯಿತು. ಭೂಮಿಯ ಒಡೆತನ ಊರಿನವರದೇ.

ಶಿಷ್ಯಮಿತ್ರರೇ, ಹಕ್ಕಿಯನ್ನು ಪೆಟ್ಟಿಗೆಯಲ್ಲಿ ಇಟ್ಟವನ ಹೆಸರು ಶಾಸ್ತ್ರಗ್ರಂಥಗಳಲ್ಲಿ ಅಮರವಾಗಿದೆ. ಅದನ್ನು ಕೊಂಬೆಯ ಮೇಲೆ ಉಳಿಸಿದ ಪೊಮಕೋಚಾಸ್‌ನ ರೈತರ ಹೆಸರುಗಳು ಯಾವ ಪಠ್ಯಪುಸ್ತಕದಲ್ಲಿಯೂ ಬರಲಾರವು. ಇತಿಹಾಸವನ್ನು ಓದುವಾಗ ಈ ಎರಡನೆಯವರನ್ನೂ ಹುಡುಕುವ ಅಭ್ಯಾಸವಿರಲಿ.