‘ಸರ್ವರ್ ಡೌನ್ ಕನಣ್ಣ’ ಅಂದದ್ದು ಎಷ್ಟು ನಿಜ?

ಗುಂಡ್ಲುಪೇಟೆಯ ಸೈಬರ್ ಅಂಗಡಿಗಳಲ್ಲಿ, ಚಾಮರಾಜನಗರದ ಜೆರಾಕ್ಸ್ ಅಂಗಡಿಗಳಲ್ಲಿ ನಾವು ಮತ್ತೆ ಮತ್ತೆ ಕೇಳುವ ಮಾತು ಇದು: "ಸರ್ವರ್ ಡೌನ್ ಕನಣ್ಣ, ನಾಳೆ ಬಾ." ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು ಬಂದವರು ಪರದೆಯ ಮೇಲೆ ಸುತ್ತುವ ಚಕ್ರ ನೋಡಿ ವಾಪಸ್ ಹೋಗುತ್ತಾರೆ. ತಪ್ಪು ಸರ್ವರಿನದೋ, ಟವರಿನದೋ, ಆ ಪುಟವನ್ನು ಬರೆದವರದೋ? ಅಳೆದು ಹೇಳುವ ಸಾಧನವೊಂದಿದೆ. ಅದರ ಹೆಸರು ಪ್ರೊಫೈಲರ್. ಈಗ ಕಂಪ್ಯೂಟರಿನ ಬ್ರೌಸರ್ ಒಳಗೇ ಇದೆ, ಕಾಸು ಕೊಡಬೇಕಿಲ್ಲ. ಅಲ್ಲಿಗೆ ಬರಲು ಮಾತ್ರ ಬಹಳ ವರ್ಷ ಹಿಡಿಯಿತು.

1971ರಲ್ಲಿ ಅಮೆರಿಕದ ಡೊನಾಲ್ಡ್ ಕ್ನುತ್ ನೂರಾರು ಪ್ರೋಗ್ರಾಂಗಳನ್ನು ತಪಾಸಣೆ ಮಾಡಿ ಒಂದು ವಿಚಿತ್ರ ಕಂಡರು. ಸಾಮಾನ್ಯವಾಗಿ ಪ್ರೋಗ್ರಾಮಿನ ಶೇ 4ಕ್ಕಿಂತ ಕಡಿಮೆ ಭಾಗವೇ ಅರ್ಧಕ್ಕಿಂತ ಹೆಚ್ಚು ಸಮಯ ತಿನ್ನುತ್ತಿತ್ತು. ಆ ಚೂರು ಯಾವುದು ಅಂತ ಬರೆದವರಿಗೇ ಗೊತ್ತಿರುತ್ತಿರಲಿಲ್ಲ. 1982ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದವರು ಅದನ್ನು ಹುಡುಕಿಕೊಡುವ ‘ಜಿಪ್ರೊಫ್’ ಮಾಡಿದರು.

ಇದು ಹೇಗೆ ಹುಡುಕುತ್ತದೆ? ನಮ್ಮ ಕಡೆಯ ಚೆಂಡುಹೂವಿನ ಹೊಲ ನೆನೆಸಿಕೊಳ್ಳಿ. ಕೊಯ್ಯೋರು, ಹೊರೋರು, ತೂಕ ಹಾಕೋರು ಇದ್ದಾರೆ. ಮೇಸ್ತ್ರಿ ಐದೈದು ನಿಮಿಷಕ್ಕೊಮ್ಮೆ ತಲೆಯೆತ್ತಿ, ಆ ಗಳಿಗೆಯಲ್ಲಿ ಕೆಲಸ ಎಲ್ಲಿ ನಿಂತಿದೆ ಅಂತ ಬರೆದಿಡುತ್ತಾನೆ. ಸಂಜೆ ಚೀಟಿ ನೋಡಿದರೆ, ಮುಕ್ಕಾಲು ಪಾಲು ಸಲ ಎಲ್ಲರೂ ತಕ್ಕಡಿ ಮುಂದೆ ಕಾಯುತ್ತಾ ನಿಂತಿದ್ದರು! ಹಾಗಾದರೆ ಕೊಯ್ಯೋರನ್ನು ಬೈದು ಏನು ಬಂತು? ಪ್ರೊಫೈಲರ್ ಆ ಮೇಸ್ತ್ರಿ. ಫೈರ್‌ಫಾಕ್ಸ್ ಬ್ರೌಸರಿನದು ಸಾಮಾನ್ಯವಾಗಿ ಸೆಕೆಂಡಿಗೆ ಸಾವಿರ ಸಲ ತಲೆಯೆತ್ತಿ ನೋಡುತ್ತದೆ, ಚೀಟಿಯನ್ನು ವೆಬ್ ಪುಟದಲ್ಲೇ ತೆರೆದು ತೋರಿಸುತ್ತದೆ.

ವೆಬ್ ಪುಟಗಳಿಗೆ ಇಂಥ ಮೇಸ್ತ್ರಿ ಸಿಕ್ಕಿದ್ದು ತಡವಾಗಿ. 2006ರಲ್ಲಿ ಜೋ ಹೆವಿಟ್ ಫೈರ್‌ಫಾಕ್ಸಿಗೆ ‘ಫೈರ್‌ಬಗ್’ ಸೇರಿಸಿದರು. ಮರುವರ್ಷ ಯಾಹೂವಿನ ಸ್ಟೀವ್ ಸೌಡರ್ಸ್ ಪುಸ್ತಕ ಬರೆದು ಹೇಳಿದ್ದು ಇನ್ನೂ ದೊಡ್ಡದು: ಬಳಸುವವರು ಕಾಯುವ ಸಮಯದಲ್ಲಿ ಶೇ 80ರಿಂದ 90ರಷ್ಟು ಹೋಗುವುದು ಪುಟದ ಚಿತ್ರ, ಕೋಡ್ ಎಲ್ಲ ಇಳಿದು ಪರದೆ ಮೇಲೆ ಮೂಡುವುದರಲ್ಲಿ, ಸರ್ವರಿನಲ್ಲಿ ಅಲ್ಲ. 2008ರಲ್ಲಿ ಬಂದ ಕ್ರೋಮ್ ಇಂಥ ಸಾಧನವನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿತು.

ಆದರೂ ಅಳೆಯುವವರು ಕೂತಿದ್ದು ಒಳ್ಳೆಯ ಕಂಪ್ಯೂಟರ್, ಒಳ್ಳೆಯ ನೆಟ್ ಮುಂದೆ. ಅಲ್ಲಿ ಎಲ್ಲವೂ ಸರಸರ. ಹಂಗಳದ ಕಡೆ ಬಂಡೀಪುರದ ಕಾಡಂಚಿನಲ್ಲಿ ಒಂದೇ ಕಡ್ಡಿ ಸಿಗ್ನಲ್ ಹಿಡಿದು ಕೂತವರ ಫೋನು ಅವರ ಲೆಕ್ಕಕ್ಕೇ ಬರಲಿಲ್ಲ. ಅದು ಬರತೊಡಗಿದ್ದು ಬೇಕೆಂದೇ ನೆಟ್ಟನ್ನು ನಿಧಾನ ಮಾಡಿ ಪರೀಕ್ಷಿಸುವ ಸೌಲಭ್ಯ ಬ್ರೌಸರಿಗೆ ಸೇರಿದ ಮೇಲೆ. ಪ್ರೊಸೆಸರನ್ನೂ ನಾಲ್ಕು ಪಟ್ಟು, ಆರು ಪಟ್ಟು ನಿಧಾನ ಮಾಡಬಹುದು. ಅಂದರೆ ಕಡಿಮೆ ಬೆಲೆಯ ಫೋನಿನ ವೇಷ ಹಾಕಿಸಬಹುದು. 2015ರಲ್ಲಿ ಫೇಸ್‌ಬುಕ್ ತನ್ನ ನೌಕರರಿಗೆ ಮಂಗಳವಾರ ಒಂದು ಗಂಟೆ 2ಜಿ ವೇಗದಲ್ಲಿ ಬಳಸಿ ನೋಡುವ ಏರ್ಪಾಡು ಮಾಡಿತು. ಅದೇ ವರ್ಷ ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್ ಮೊಬೈಲ್ ವೆಬ್‌ಸೈಟನ್ನು ಮುಚ್ಚಿ, ಆ್ಯಪ್ ಹಾಕಿಕೊಳ್ಳಿ ಅಂದಿತ್ತು. ನವೆಂಬರಿನಲ್ಲಿ ಕ್ರೋಮ್ ತಂಡದ ಜೊತೆ ಸೇರಿ, ಕಡಿಮೆ ಡೇಟಾ ಸಾಕಾಗುವ ‘ಫ್ಲಿಪ್‌ಕಾರ್ಟ್ ಲೈಟ್’ ಎಂಬ ವೆಬ್‌ಸೈಟನ್ನೇ ಹಿಡಿದು ವಾಪಸ್ ಬಂತು. ನಿಧಾನ ನೆಟ್ಟಿನವರೂ ಗಿರಾಕಿಗಳೇ ಅಂತ ವ್ಯಾಪಾರಿಗೆ ಬೇಗ ಹೊಳೆಯುತ್ತದೆ. ಅರ್ಜಿ ಹಾಕಲು ಬರುವವರಿಗೆ ಬೇರೆ ಅಂಗಡಿ ಇಲ್ಲವಲ್ಲ.

ಇಷ್ಟೆಲ್ಲ ಓದಿದ ಮೇಲೆ ನಾವು ಕ್ರೋಮ್‌ನಲ್ಲಿ ಎಫ್12 ಒತ್ತಿ, ನೆಟ್ಟನ್ನು 3ಜಿಗೆ ಇಳಿಸಿ, ಮೊದಲು ನಮ್ಮದೇ ಪುಟವನ್ನು ತೆರೆದೆವು. ಅಕ್ಷರ ಮೂಡಲಿಲ್ಲ. ಕ್ಯಾಮೆರಾದಿಂದ ತೆಗೆದು ಹಾಗೇ ಏರಿಸಿದ್ದ ಹೂವಿನ ಹೊಲದ ಫೋಟೊ, ಅಂದಕ್ಕೆ ಹಾಕಿದ್ದ ಮೂರು ಫಾಂಟು ಮುಂದೆ ನಿಂತು ದಾರಿ ಕಟ್ಟಿದ್ದವು. ಫೋಟೊ ಕುಗ್ಗಿಸಿದ್ದೇವೆ, ಎರಡು ಫಾಂಟ್ ಕಿತ್ತಿದ್ದೇವೆ. ಪುಟ ತೆರೆಯುತ್ತಿಲ್ಲ ಅಂತ ಹಿಂದೆ ಫೋನ್ ಮಾಡಿದ್ದ ಓದುಗರಿಗೆ ನಾವು "ನಿಮ್ಮ ನೆಟ್ ನೋಡಿಕೊಳ್ಳಿ" ಅಂದಿದ್ದೆವು. ಅವರ ನೆಟ್ ಸರಿಯಾಗಿಯೇ ಇತ್ತು.