ಹುರುಳಿಯ ಕಟ್ಟು ಮತ್ತು ಶ್ರಾವಕರ ಅಡಿಗೆಮನೆ

ಹಿರೇಗುಂಟನೂರು ಚಿತ್ರದುರ್ಗ ತಾಲ್ಲೂಕಿನ ಒಂದು ಹೋಬಳಿ. ಈ ಸೀಮೆಯ ನೆಲ ಮಳೆಯನ್ನು ನಂಬಿ ಬದುಕುವಂಥದು. ಮುಂಗಾರು ಕೈಕೊಟ್ಟರೂ ಹಿಂಗಾರಿನ ಒಂದೆರಡು ಹದಮಳೆಗೆ ಬಿತ್ತಿ ಫಸಲು ಕಾಣಬಹುದಾದ ಧಾನ್ಯ ಹುರುಳಿ. ಮಾರ್ಗಶಿರ, ಪುಷ್ಯ ಮಾಸಗಳ ಚಳಿಯಲ್ಲಿ ಹೊಸ ಹುರುಳಿ ಕಣಕ್ಕೆ ಬರುತ್ತದೆ. ಅದೇ ಚಳಿಗೆ ಅದರ ಕಟ್ಟು ಮುದ್ದೆಯ ಜೊತೆಗೆ ತಟ್ಟೆಗೆ ಬರುತ್ತದೆ. ಆಯುರ್ವೇದವು ಕುಲತ್ಥವೆಂಬ ಈ ಧಾನ್ಯವನ್ನು ಉಷ್ಣವೀರ್ಯವೆಂದೂ ಕಫವಾತಹರವೆಂದೂ ಎಣಿಸಿದೆ.

ಈ ಊಟದ ಇತಿಹಾಸ ಬಲು ಹಳೆಯದು. ನೆರೆಯ ಬಳ್ಳಾರಿ ಜಿಲ್ಲೆಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಸುಟ್ಟು ಕರಿಕಾದ ಹುರುಳಿ ಮತ್ತು ಹೆಸರಿನ ಕಾಳುಗಳು ದೊರೆತಿವೆ. ಎಂದರೆ ಸುಮಾರು 3500 ವರ್ಷಗಳಿಗೂ ಹಿಂದೆಯೇ ಈ ಭಾಗದ ಜನ ಹುರುಳಿಯನ್ನು ಬಲ್ಲವರಾಗಿದ್ದರು. ಚಿತ್ರದುರ್ಗ ಜಿಲ್ಲೆಯದೇ ಆದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನವು ತಂದೆತಾಯಿಗಳ ಸೇವೆಯ ಜೊತೆಯಲ್ಲಿಯೇ ಪ್ರಾಣಿಗಳ ವಿಷಯದಲ್ಲಿ ದಯೆಯನ್ನೂ ವಿಧಿಸುತ್ತದೆ. ಹುರುಳಿಯ ನಾಡಿಗೆ ಜೀವದಯೆಯ ಮಾತೂ ಹೊಸದಲ್ಲ.

ನಮ್ಮ ಪರಂಪರೆಯಲ್ಲಿ ಬೇಳೆಯ ರಸಕ್ಕೆ ಇದ್ದ ಸ್ಥಾನವನ್ನು ಒಂದು ಶಬ್ದವೇ ಹೇಳುತ್ತದೆ. ಸಂಸ್ಕೃತದಲ್ಲಿ ಸೂಪವೆಂದರೆ ಬೇಯಿಸಿದ ಬೇಳೆಯ ರಸ. ಸೂಪಕಾರನೆಂದರೆ ಅಡಿಗೆಯವನು. 16ನೆಯ ಶತಮಾನದ ಆರಂಭದಲ್ಲಿದ್ದ ಜೈನಕವಿ ಮೂರನೆಯ ಮಂಗರಸನು ಕನ್ನಡದಲ್ಲಿ ಪಾಕಶಾಸ್ತ್ರವನ್ನೇ ಪದ್ಯರೂಪದಲ್ಲಿ ಬರೆದಾಗ ಅದಕ್ಕೆ ಇಟ್ಟ ಹೆಸರು ‘ಸೂಪಶಾಸ್ತ್ರ’. ಒಂದು ರಸದ ಹೆಸರು ಇಡೀ ವಿದ್ಯೆಗೆ ಹೆಸರಾಯಿತು. (ಹೋಟೆಲುಗಳ ‘ಸೂಪ್’ ಇದೇ ಶಬ್ದವೆಂದು ಕೆಲವರು ಹೆಮ್ಮೆಪಡುವುದುಂಟು, ಆ ಇಂಗ್ಲಿಷ್ ಪದದ ಮೂಲವೇ ಬೇರೆ.)

ಆದರೆ ದ್ವಿದಳಧಾನ್ಯದ ವಿಷಯದಲ್ಲಿ ಆಚಾರಗ್ರಂಥಗಳು ಎಚ್ಚರಿಕೆಯನ್ನೂ ಹೇಳಿವೆ. 13ನೆಯ ಶತಮಾನದ ಪಂಡಿತ ಆಶಾಧರನು ‘ಸಾಗಾರಧರ್ಮಾಮೃತ’ದಲ್ಲಿ ಶ್ರಾವಕನು ಬಿಡಬೇಕಾದುದನ್ನು ಹೇಳುವಾಗ, ಕಾಯಿಸದ ಗೋರಸದೊಡನೆ ಬೆರೆತ ದ್ವಿದಳವನ್ನೂ, ಸಾಮಾನ್ಯವಾಗಿ ಹಳೆಯ ಕಾಳನ್ನೂ, ಮಳೆಗಾಲದಲ್ಲಿ ಒಡೆಯದ ಇಡೀ ಕಾಳನ್ನೂ ಹೆಸರಿಸುತ್ತಾನೆ. ಕಾರಣ ಸ್ಪಷ್ಟ: ತೇವದ ದಿನಗಳಲ್ಲಿ ಇಡೀ ಕಾಳಿನೊಳಗೆ ಹುಳು ಸೇರಿದರೆ ಹೊರಗೆ ಕಾಣದು, ಬೇಳೆಯಾಗಿ ಒಡೆದರೆ ಕಾಣುತ್ತದೆ. ಈ ನಿಯಮವನ್ನು ನಮ್ಮ ಸೀಮೆಯ ಹುರುಳಿಗೆ ಹೊಂದಿಸಿ ನೋಡಿ. ಹುರುಳಿಯನ್ನು ಇಡಿಯಾಗಿಯೇ ಬೇಯಿಸುವುದು ರೂಢಿ. ಚಾತುರ್ಮಾಸ ಮುಗಿದು, ಒಣ ಚಳಿ ಬಂದು, ಕಾಳು ಹೊಸದಾಗಿರುವಾಗಲೇ ಅದು ಶ್ರಾವಕರ ಒಲೆಗೆ ಯೋಗ್ಯವಾಗುತ್ತದೆ. ದೇಹಕ್ಕೆ ಬೇಕಾದ ಕಾಲವೂ ವ್ರತಕ್ಕೆ ಒಪ್ಪುವ ಕಾಲವೂ ಇಲ್ಲಿ ಒಂದೇ.

ಈಚೆಗೆ ಎಲ್ಲೆಡೆ ಹುರುಳಿಯೆಂದರೆ ಮೊಳಕೆ ಕಟ್ಟಿ, ಈರುಳ್ಳಿ ಬೆಳ್ಳುಳ್ಳಿ ಹಾಕಿ ಮಾಡುವ ಸಾರೆಂದೇ ಆಗಿದೆ. ಮೊಳಕೆಯನ್ನೂ ಕಂದಮೂಲವನ್ನೂ ಬಿಟ್ಟ ಮನೆಗಳವರು ಈ ಕಾರಣಕ್ಕೆ ಹುರುಳಿಯನ್ನೇ ಬಿಟ್ಟಿರುವುದನ್ನು ಕಂಡಿದ್ದೇನೆ. ಹಾಗೆ ಬಿಡಬೇಕಾದ ಅಗತ್ಯವಿಲ್ಲ. ನಾಲ್ವರಿಗೆ ಒಂದು ಪಾವಿನಷ್ಟು ಹುರುಳಿಯನ್ನು ಹಗಲು ಬೆಳಕಿನಲ್ಲಿ ಮೊರದ ಮೇಲೆ ಹರಡಿ ಕಲ್ಲು ಹುಳು ಆರಿಸಬೇಕು. ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದರೆ ರಾತ್ರಿ ನೆನೆಯಿಡುವ ಗೊಡವೆಯಿಲ್ಲ. ತೊಳೆದು, ಕಾಳಿನ ಏಳೆಂಟರಷ್ಟು ಸೋಸಿದ ನೀರಿನಲ್ಲಿ ಕಾಳು ಬೆರಳಿಗೆ ಹಿಸುಕುವಂತಾಗುವ ತನಕ ಬೇಯಿಸಬೇಕು. ಕುಕ್ಕರಾದರೆ ನೀರು ಸ್ವಲ್ಪ ಕಡಿಮೆ ಸಾಕು. ಬಸಿದ ಕಂದುಬಣ್ಣದ ರಸವೇ ಕಟ್ಟು. ಬೆಂದ ಕಾಳಿನಲ್ಲಿ ಒಂದು ಹಿಡಿಯನ್ನು ಮೆಣಸು, ಜೀರಿಗೆ, ಕೊತ್ತಂಬರಿ ಬೀಜ, ಒಣಕೊಬ್ಬರಿಯೊಡನೆ ರುಬ್ಬಿ ಕಟ್ಟಿಗೆ ಬೆರೆಸಿ, ಹುಣಿಸೆರಸ ಉಪ್ಪು ಹಾಕಿ ಚೆನ್ನಾಗಿ ಕುದಿಸಿ, ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟರಾಯಿತು. ಬೆಳ್ಳುಳ್ಳಿಯ ಕೊರತೆಯನ್ನು ಇಂಗು ಮೆಣಸುಗಳು ತೋರಗೊಡವು. ಉಳಿದ ಕಾಳು ಪಲ್ಯಕ್ಕೆ.

ತೊಡಕಿರುವುದು ಊಟದ ಕೊನೆಯಲ್ಲಿ. ನಮ್ಮಲ್ಲಿ ಮಜ್ಜಿಗೆಯನ್ನವಿಲ್ಲದೆ ಊಟ ಮುಗಿಯದು; ಅದೇ ಎಲೆಯಲ್ಲಿ ಕಟ್ಟಿನ ಶೇಷವಿರುತ್ತದೆ. ಕಾಯಿಸಿದ ಹಾಲಿಗೆ ಹೆಪ್ಪುಹಾಕಿದ ಮೊಸರು ‘ಕಾಯಿಸದ ಗೋರಸ’ವಾಗುವುದೇ ಎಂಬಲ್ಲಿ ಸಂಪ್ರದಾಯಭೇದವುಂಟು, ಅದನ್ನು ಇಲ್ಲಿ ತೀರ್ಮಾನಿಸುವವನು ನಾನಲ್ಲ. ಆದರೆ ಸಂಶಯವಿರುವವರ ವ್ರತ ಸಾಮೂಹಿಕ ಪಂಕ್ತಿಯಲ್ಲಿ ಅರಿಯದೆ ಕೆಡಬಾರದು. ಬಸದಿಗಳ ಟ್ರಸ್ಟಿನವರು ಕಟ್ಟು ಬಡಿಸುವ ದಿನ ಮಜ್ಜಿಗೆಯನ್ನು ಬಿಟ್ಟು ಬೆಲ್ಲದ ಪಾನಕವನ್ನಿಡಬಹುದು. ಇಡಲೇಬೇಕೆಂದಿದ್ದರೆ ಪಂಕ್ತಿ ಕೂರುವ ಮೊದಲೇ ತಿಳಿಸಿ, ಕೈತೊಳೆದು ಬಂದವರಿಗೆ ಬೇರೆ ಲೋಟದಲ್ಲಿ ಕೊಡಬಹುದು. ಪುಷ್ಯದಲ್ಲಿ ಸೂರ್ಯ ಬೇಗ ಮುಳುಗುತ್ತಾನೆ. ಹುರುಳಿ ಬೇಯುವುದು ನಿಧಾನ. ಸಂಜೆಯ ಊಟಕ್ಕಾದರೆ ನಡುಹಗಲಿನಲ್ಲಿಯೇ ಒಲೆ ಹೊತ್ತಿಸಿರಬೇಕು.